ಅಣ್ಣನ ಕರಡಿಗೆ

ಕೊನೆಕೊನೆಗೆ ಅವ್ವ ಪೂಜೆಗೆ ಕೂತರೆ ನನಗೆ ಉಸಿರಾಡುವುದೇ ಕಷ್ಟವಾಗುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಬಂದು ದೇವರ ಕೋಣೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದೆ. ಅಲ್ಲಿ ಹಾಲು ಉಕ್ಕಿ ಹೋದರೂ ಇಲ್ಲಿಂದ ಕದಲುತ್ತಿರಲಿಲ್ಲ. ಅವ್ವನ ಮುಂದೆ ಮಣೆಯ ಮೇಲೆ ಎರಡು ಕರಡಿಗೆಗಳು. ಒಂದು ಅವಳದೇ, ತವರಿನಿಂದ ಬಂದದ್ದು, ಒಂದು ಕಡೆ ತಗ್ಗಾದ ಹಳೇ ಬೆಳ್ಳಿಯದು. ಇನ್ನೊಂದು ಅಣ್ಣನದು. ನಮ್ಮಲ್ಲಿ ಮಗು ಹುಟ್ಟಿದ ಕೆಲವು ದಿನಕ್ಕೇ ಅಯ್ಯನವರು ಬಂದು ಕೊರಳಿಗೆ ಲಿಂಗ ಕಟ್ಟುತ್ತಾರೆ. ಅದನ್ನು ಇಡುವ ಪುಟ್ಟ ಬೆಳ್ಳಿ ಡಬ್ಬಿಯೇ ಕರಡಿಗೆ. ಬದುಕಿರುವಷ್ಟು ದಿನ ಅದು ಎದೆಯ ಮೇಲೆ. ಜೀವ ಹೋದ ಮೇಲೆ ಲಿಂಗವನ್ನು ಹೊರಗೆ ತೆಗೆದು ಎಡ ಅಂಗೈಯಲ್ಲಿಟ್ಟು, ಅದರೊಂದಿಗೇ ಮಣ್ಣು ಮಾಡುತ್ತಾರೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಪದ್ಧತಿ ಇಲ್ಲ. ಅವ್ವ ಮಾತ್ರ ಅರ್ಧ ಶತಮಾನದಿಂದ ದಿನಾ ಬೆಳಿಗ್ಗೆ ಎರಡನ್ನೂ ತೊಳೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆಮೇಲೆಯೇ ಬಾಯಿಗೆ ನೀರು ಹಾಕುತ್ತಿದ್ದಳು.

ಈಗ ಅವಳ ಕೈ ನಡುಗುತ್ತಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಬೀಳಿಸಿಬಿಟ್ಟರೆ? ಅದಲುಬದಲು ಮಾಡಿಬಿಟ್ಟರೆ? ಇವೆಲ್ಲ ನನ್ನ ಸಣ್ಣ ಭಯಗಳು. ದೊಡ್ಡದು ಬೇರೆಯೇ ಇತ್ತು. ನಾಳೆ ಅವ್ವ ಕಣ್ಣು ಮುಚ್ಚಿದರೆ ಅವಳ ಲಿಂಗ ಅವಳ ಕೈಗೆ ಹೋಗುತ್ತದೆ. ಅಣ್ಣನದನ್ನು ನಾನೇನು ಮಾಡಲಿ? ಅದನ್ನು ಅವ್ವನ ಬಾಯಿಂದಲೇ ಕೇಳಿ ತಿಳಿಯಬೇಕಿತ್ತು. ಕೇಳುವುದೆಂದರೆ ಅಣ್ಣ ಸತ್ತಿದ್ದಾನೆ ಎಂದು ಅವಳ ಮುಖದ ಮೇಲೆ ಹೇಳಿದಂತೆ. ನಮ್ಮ ಮನೆಯಲ್ಲಿ ಆ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ.

ನಾನು ಹುಟ್ಟಾ ಪುಕ್ಕಲಿ, ಒಪ್ಪಿಕೊಳ್ಳುತ್ತೇನೆ. ಬೀಗ ಹಾಕಿ, ಎಳೆದು ನೋಡಿ, ಚನ್ನಗಿರಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಎಳೆದು ನೋಡುವವಳು. ಯಜಮಾನರು ನಗುತ್ತಾರೆ, ನಗಲಿ. ಬಾಗಿಲಿಗೆ ಕೆಟ್ಟ ಸುದ್ದಿಯ ತಂತಿ ಬಂದ ಮನೆಯಲ್ಲಿ ಬೆಳೆದವರಿಗೆ ಮಾತ್ರ ಗೊತ್ತು, ಬೀಗ ಭದ್ರವಾಗಿದ್ದರೂ ಏನು ಬೇಕಾದರೂ ಒಳಗೆ ಬರುತ್ತದೆ ಎಂಬುದು.

ನ್ಯಾಮತಿಯಲ್ಲಿ ಅಪ್ಪನದು ಕಿರಾಣಿ ಅಂಗಡಿ, ಬಸ್ಸು ನಿಲ್ಲುವ ಜಾಗದ ಎದುರಿಗೇ. ಅಣ್ಣ ನನಗಿಂತ ಬಹಳ ದೊಡ್ಡವನು. ನಮ್ಮಿಬ್ಬರ ನಡುವೆ ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಹಾಗಾಗಿ ಅವನಿಗೆ ನಾನು ತಂಗಿ ಅನ್ನುವುದಕ್ಕಿಂತ ಹೆಗಲ ಮೇಲೆ ಕೂರಿಸಿಕೊಂಡು ತಿರುಗುವ ಒಂದು ಆಟದ ಸಾಮಾನು. ಅವನು ಹೈಸ್ಕೂಲು ಓದಿದ್ದು ಹೊನ್ನಾಳಿಯಲ್ಲಿ, ಸೋದರತ್ತೆಯ ಮನೆಯಲ್ಲಿ. ಅಲ್ಲೇ ಹೊಳೆಯಲ್ಲಿ ಈಜು ಕಲಿತ. ದಾವಣಗೆರೆಯಲ್ಲಿ ಕಾಲೇಜಿಗೆ ಹೋದ ಮೇಲೂ ರಜೆ ಬಂತೆಂದರೆ ನಮ್ಮನ್ನೆಲ್ಲ ಹೊರಡಿಸಿಕೊಂಡು ಅತ್ತೆಯ ಮನೆಗೆ. ಹೆಸರಿಗೆ ಅತ್ತೆ, ಸೆಳೆತವೆಲ್ಲ ಹೊಳೆಯದು.

ಅವ್ವನಿಗೆ ಆ ಹೊಳೆ ಕಂಡರಾಗದು. ಅವಳು ಜಗಳೂರು ಕಡೆಯವಳು. ನೀರೆಂದರೆ ಹಗ್ಗ ಬಿಟ್ಟು ಸೇದುವಂಥದ್ದು, ಕೊಡದಲ್ಲಿ ಅಲ್ಲಾಡದೆ ನಿಲ್ಲುವಂಥದ್ದು ಎಂದೇ ತಿಳಿದು ಬೆಳೆದವಳು. ತನ್ನ ಪಾಡಿಗೆ ತಾನು ಹರಿದುಕೊಂಡು ಹೋಗುವ ಅಷ್ಟು ನೀರನ್ನು ಕಂಡದ್ದೇ ಮದುವೆಯಾಗಿ ಬಂದ ಮೇಲೆ. ಮೆಟ್ಟಿಲ ಮೇಲೆ ನಿಂತು, ಪಾದ ನೆನೆಯುವಷ್ಟು ಮಾತ್ರ ಇಳಿದು, ಸೀರೆಯ ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂಗುತ್ತಿದ್ದಳು. "ಸಾಕು ಬಾರೋ ಮ್ಯಾಕೆ! ಏ, ಬಾರೋ!" ಅಣ್ಣ ಬೇಕೆಂದೇ ಮುಳುಗುತ್ತಿದ್ದ. ಎಷ್ಟು ಹೊತ್ತಾದರೂ ಏಳುತ್ತಿರಲಿಲ್ಲ. ಅವ್ವನ ಕೂಗು ಅಳುವಾಗಿ ತಿರುಗುವ ಹೊತ್ತಿಗೆ ಎಲ್ಲೋ ದೂರದಲ್ಲಿ ತಲೆ ಎತ್ತಿ ಹಲ್ಲು ಕಿರಿಯುತ್ತಿದ್ದ. ಬಟ್ಟೆ ಒಗೆಯುವ ಹೆಂಗಸರಿಗೆಲ್ಲ ಪುಕ್ಕಟೆ ನಾಟಕ.

"ಅವ್ವಾ, ನೀನೂ ಇಳಿ. ನಾನು ಹಿಡ್ಕಂತೀನಿ, ಏನಾಗಲ್ಲ."

"ನಾನು ಸತ್ರೂ ಇಳಿಯಲ್ಲ, ಹೋಗೋ."

ಓದು ಮುಗಿಸಿದ ಅಣ್ಣ ವಾಯುಪಡೆಗೆ ಸೇರಿದ. ಬಾಂಬ್ ಹಾಕುವ ವಿಮಾನದಲ್ಲಿ ಇಬ್ಬರೇ ಇರುತ್ತಿದ್ದರಂತೆ. ಒಬ್ಬ ಓಡಿಸುವವನು, ಇನ್ನೊಬ್ಬ ನಕ್ಷೆ ಹಿಡಿದು ದಾರಿ ಹೇಳಿ, ಜಾಗ ಬಂದಾಗ ಗುರಿ ನೋಡಿ ಬಾಂಬ್ ಬಿಡುವವನು. ಅಣ್ಣ ಆ ಎರಡನೆಯವನು. ಇದನ್ನು ನ್ಯಾಮತಿಗೆ ಅರ್ಥ ಮಾಡಿಸುವಷ್ಟರಲ್ಲಿ ಅಪ್ಪನಿಗೆ ಸಾಕುಬೇಕಾಯಿತು. ಅಂಗಡಿಯ ಪಕ್ಕದ ಸೈಕಲ್ ಷಾಪಿನವರು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, "ಹಂಗಾದ್ರೆ ಓಡ್ಸಾಕೆ ಬರಲ್ಲ. ಡ್ರೈವರು ಬ್ಯಾರೆ ಅದಾನೆ. ನಿಮ್ಮುಡ್ಗ ಇಮಾನದ ಕಂಡಕ್ಟರು ಅನ್ರೀ" ಎಂದರು. ಅಷ್ಟೇ, ಊರಿಗೆಲ್ಲ ಅದೇ ಹೆಸರು. ಅಪ್ಪನಿಗೆ ಅವಮಾನ, ಅಣ್ಣನಿಗೆ ಖುಷಿ. ರಜೆಯಲ್ಲಿ ಬಸ್ಸಿನಿಂದ ಇಳಿದವನೇ ಅಂಗಡಿಯ ಮುಂದೆ ನಿಂತು, ಅಂಗೈಯಿಂದ ಗೋಡೆಗೆ ಬಡಿದು, "ರೈಟ್, ರೈಟ್" ಎಂದು ಕೂಗುತ್ತಿದ್ದ. ಆ ಕೂಗು ಕೇಳಿದರೆ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು.

ಅವನು ಕೊನೆಯ ಸಲ ಬಂದದ್ದು ದೀಪಾವಳಿಗೆ. ಎಣ್ಣೆಸ್ನಾನದ ದಿನ ಅವ್ವ ಅವನ ಬೆನ್ನು ತಿಕ್ಕಿ ಎದೆಗೆ ಬಂದವಳು ಕೈ ನಿಲ್ಲಿಸಿದಳು. ಕೊರಳ ಕೆಳಗೆ, ಲಿಂಗದ ಕರಡಿಗೆ ತೂಗುವ ಜಾಗದಲ್ಲಿ, ರಕ್ತ ಹೆಪ್ಪುಗಟ್ಟಿ ಚರ್ಮ ಕಪ್ಪಾಗಿತ್ತು.

"ಏನೋ ಇದು?"

"ಏನಿಲ್ಲವ್ವಾ. ಬಾಂಬ್ ಬಿಡಾಕೆ ಇಮಾನದ ಮೂತಿಯಾಗೆ ಬೋರಲು ಮಲಗ್ಬೇಕು. ಮ್ಯಾಲೆ ಪಟ್ಟಿ ಬಿಗಿದಿರ್ತಾರೆ. ಕರಡಿಗೆ ಒತ್ತುತ್ತೆ, ಅಷ್ಟೆ."

ಅವ್ವ ಆ ಜಾಗ ಬಿಟ್ಟು ಸುತ್ತ ತಿಕ್ಕಿದಳು. ಬಿಸಿನೀರು ಹಾಕಿದಳು, ಸೀಗೆ ಹಚ್ಚಿದಳು. ಅವನು ಹೊರಡುವ ದಿನ ಬೆಳಿಗ್ಗೆ ಪೂಜೆಗೆ ಕೂತವನ ಹಿಂದೆ ಬಂದು ನಿಂತು, ಕೊರಳ ಶಿವದಾರದ ಗಂಟನ್ನು ತಾನೇ ಬಿಚ್ಚಿದಳು. ಕಂಬದ ಪಕ್ಕ ನಿಂತಿದ್ದ ನನಗೆ ಅದು ಎಷ್ಟು ದೊಡ್ಡ ಮಾತೆಂದು ತಿಳಿಯಲಿಲ್ಲ. ಅಪ್ಪನ ಮುಖ ನೋಡಿ ತಿಳಿಯಿತು.

"ಲಿಂಗ ಬಿಚ್ಚಿ ಕಳಿಸ್ತಾರೇನೇ ಯಾರಾದ್ರೂ? ತಲೆ ನೆಟ್ಟಗೈತಾ ನಿಂದು?"

"ಎಳೆ ಎದೆ ಮ್ಯಾಲೆ ಗಾಯ ಮಾಡ್ಕಂಡು ನನ್ನ ಹೊತ್ಕಂಡು ತಿರುಗು ಅಂತ ಶಿವ ಹೇಳ್ಯಾನಾ? ಇವನು ಬರೋಗಂಟ ನಾನು ತೊಳೀತೀನಿ. ಬಂದ ಮ್ಯಾಲೆ ಕಟ್ಕಂತಾನೆ."

ಅಣ್ಣ ನಕ್ಕ. "ಪೂಜೆ ನೀನು ಮಾಡಿದ್ರೆ ಪುಣ್ಯ ಯಾರಿಗವ್ವಾ?"

"ನಿಂಗೇ ಕಣೋ. ನಂಗ್ಯಾಕೆ?"

ಅವನು ಬರಿ ಕೊರಳಲ್ಲಿ ಬಸ್ಸು ಹತ್ತಿದ. ಶರ್ಟಿನ ಮೇಲಿನ ಗುಂಡಿ ಹಾಕಿರಲಿಲ್ಲ. ಹಾಕಿಕೋ, ಗಾಳಿ ಹೊಡೆಯುತ್ತದೆ ಎಂದು ಅವ್ವ ಕಿಟಕಿಗೆ ಕೈ ಮಾಡಿ ತೋರಿಸುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ.

ಆ ಚಳಿಗಾಲದಲ್ಲೇ ಯುದ್ಧ ಬಂತು. ಅಪ್ಪ ರೇಡಿಯೊವನ್ನು ಮನೆಯಿಂದ ಅಂಗಡಿಗೆ ತಂದಿಟ್ಟ. ಬೆಲ್ಲ, ಬೇಳೆ ಕೊಳ್ಳಲು ಬಂದವರು ವಾರ್ತೆ ಮುಗಿಯುವವರೆಗೆ ನಿಲ್ಲುತ್ತಿದ್ದರು. "ನಮ್ಮ ಎಲ್ಲ ವಿಮಾನಗಳೂ ಸುರಕ್ಷಿತವಾಗಿ ಮರಳಿವೆ" ಎಂದು ಹೇಳಿದ ದಿನ ಅಪ್ಪ ಯಾರು ಕೇಳಿದರೂ ಒಂದು ಹಿಡಿ ಜಾಸ್ತಿ ತೂಗುತ್ತಿದ್ದ. ಹಾಗೆ ಹೇಳದ ದಿನ ತೂಗುವುದನ್ನೇ ಮರೆತು ತಕ್ಕಡಿ ಹಿಡಿದು ನಿಲ್ಲುತ್ತಿದ್ದ. ಅವ್ವ ಅಂಗಡಿಯ ಕಡೆ ಬರುತ್ತಲೇ ಇರಲಿಲ್ಲ. ಆ ದಿನಗಳಲ್ಲಿ ಅವಳ ಪೂಜೆ ಉದ್ದವಾಯಿತು. ಶಾಲೆಗೆ ಹೊತ್ತಾಯಿತು, ಬುತ್ತಿ ಕಟ್ಟು ಎಂದು ನಾನು ಬಾಗಿಲಲ್ಲಿ ಕುಣಿದರೂ ಏಳುತ್ತಿರಲಿಲ್ಲ.

ತಂತಿ ಬಂದದ್ದು ಸಂತೆಯ ದಿನ. ಇಂಗ್ಲಿಷಿನಲ್ಲಿತ್ತು. ಅಪ್ಪ ಅದನ್ನು ಹಿಡಿದುಕೊಂಡು ನಮ್ಮ ಶಾಲೆಯ ಹೆಡ್‌ಮಾಸ್ತರರ ಹತ್ತಿರ ಹೋದ. ಸಂತೆಯ ನಡುವೆ ಅಂಗಡಿಯನ್ನು ಹಾಗೇ ತೆರೆದಿಟ್ಟು ಹೋದದ್ದು ಅದೊಂದೇ ಸಲ. ವಿಮಾನ ತಿರುಗಿ ಬಂದಿಲ್ಲ, ನಿಮ್ಮ ಮಗ ಕಾಣೆಯಾಗಿದ್ದಾನೆ ಎಂದಿತ್ತು. ಸತ್ತಿದ್ದಾನೆ ಎಂದಿರಲಿಲ್ಲ. ಅಪ್ಪ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಮನೆಗೆ ಬಂದು ಅವ್ವನಿಗೂ ಅದನ್ನೇ ಮೊದಲು ಹೇಳಿದ. "ಸತ್ತಿಲ್ಲಂತೆ. ಕಾಣ್ತಾ ಇಲ್ಲಂತೆ, ಅಷ್ಟೆ. ಹುಡುಕ್ತಾ ಅದಾರೆ."

ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲಿ?"

ಆಮೇಲೆ ಒಬ್ಬ ಅಧಿಕಾರಿ ಮನೆಗೇ ಬಂದರು. ಸಣ್ಣ ವಯಸ್ಸಿನವರು, ಅಣ್ಣನ ಜೊತೆ ಊಟ ಮಾಡಿದವರು. ಹೇಳುವುದನ್ನು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, ಹೆಡ್‌ಮಾಸ್ತರರು ಕನ್ನಡಕ್ಕೆ ತಿರುಗಿಸಿದರು. ವಿಮಾನ ಬಾಂಬ್ ಹಾಕಿ ಪೂರ್ವದ ಸಮುದ್ರದ ಮೇಲೆ ತಿರುಗಿಕೊಂಡಿದೆ. ಅಲ್ಲಿಂದ ಮುಂದೆ ಅದರ ದನಿ ಯಾರಿಗೂ ಕೇಳಿಲ್ಲ. ಬಿದ್ದದ್ದನ್ನು ಕಂಡವರಿಲ್ಲ. ಕೆಳಗೆ ನೀರು ಬಿಟ್ಟರೆ ಬೇರೇನಿಲ್ಲ. ಅಪ್ಪ ಕೂಡಲೇ, "ದೋಣಿಯೋರು ಎತ್ಕಂಡಿರಬೌದು. ನಮ್ಮುಡ್ಗ ಒಳ್ಳೇ ಈಜುಗಾರ, ಹೊನ್ನಾಳಿ ಹೊಳೆಯಾಗೆ ಈಜಿದೋನು" ಎಂದ. ಆ ಅಧಿಕಾರಿ ತಲೆ ಅಲ್ಲಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಹೊರಡುವಾಗ ಅವ್ವನ ಕಾಲು ಮುಟ್ಟಿದರು. ಅವ್ವ ಅವರ ಎದೆಯನ್ನೇ ನೋಡುತ್ತಿದ್ದಳು.

ಊರು ಮರುಗಿತು. ಮರುಗುತ್ತಲೇ ಪಿಸುಗುಟ್ಟಿತು. "ಹೆತ್ತ ತಾಯೇ ಲಿಂಗ ಬಿಚ್ಚಿ ಕಳಿಸಿದ್ಲಂತೆ" ಎಂಬ ಮಾತು ಬಾವಿಕಟ್ಟೆಯಲ್ಲಿ ನನ್ನ ಕಿವಿಗೇ ಬಿತ್ತು. ನನಗೆ ಬಿದ್ದದ್ದು ಅವ್ವನಿಗೆ ಬೀಳದೆ ಇರುತ್ತದೆಯೇ? ಅವರ ನಾಲಿಗೆಗೆ ಕೊಳ್ಳಿ ಇಡಬೇಕೆನಿಸುತ್ತಿತ್ತು. ಅವ್ವ ಮಾತ್ರ ಕೊಡ ತುಂಬಿಕೊಂಡು ತಲೆ ತಗ್ಗಿಸಿ ಬರುತ್ತಿದ್ದಳು. ಆ ತಗ್ಗಿಸಿದ ತಲೆಯನ್ನು ನೆನೆದರೆ ಇವತ್ತಿಗೂ ನನಗೆ ಕೋಪ ಬರುತ್ತದೆ.

ಯುದ್ಧ ಮುಗಿದು ಎಷ್ಟೋ ತಿಂಗಳ ಮೇಲೆ ಸೆರೆಸಿಕ್ಕವರನ್ನು ಬಿಡುತ್ತಾರೆ ಎಂಬ ಸುದ್ದಿ ಬಂತು. ಅಪ್ಪ ದಾಡಿ ಮಾಡಿಸಿಕೊಂಡ. ಅಣ್ಣನ ಹಾಸಿಗೆ ಬಿಸಿಲಿಗೆ ಹಾಕಿಸಿದ. ದಿನಾ ದಾವಣಗೆರೆಯಿಂದ ಪೇಪರು ತರಿಸಿ, ಹೆಸರು ಹೆಸರನ್ನೂ ಬೆರಳಿಟ್ಟು ಓದಿಸಿದ. ಬಂದವರೆಲ್ಲ ಬಂದರು, ಅಣ್ಣ ಬರಲಿಲ್ಲ. ಆ ಸಂಜೆ ಅಪ್ಪ ಊಟ ಮಾಡಲಿಲ್ಲ. "ಎಲ್ರ ಹೆಸ್ರೂ ಹಾಕಿರಲ್ಲ ಇವರು" ಎಂದು ಗೋಡೆಗೆ ಹೇಳಿ ಮಲಗಿದ. ಮಾರನೆಯ ಬೆಳಿಗ್ಗೆ ಅವ್ವ ಎಂದಿನಂತೆ ಪೂಜೆಗೆ ಕೂತಳು. ಅವತ್ತು ದೇವರ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಿದ್ದಳು.

ಮತ್ತೆ ಕೆಲವು ವರ್ಷಕ್ಕೆ ದೊಡ್ಡಪ್ಪ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದರು. ಹಿಂಗೆ ಲಿಂಗವನ್ನು ಮನೆಯಲ್ಲಿ ಇಟ್ಟುಕೊಂಡು ಕೂತರೆ ಅವನಿಗೂ ಗತಿಯಿಲ್ಲ, ಮನೆಗೂ ಒಳ್ಳೆಯದಲ್ಲ, ಹೊಲದ ಮೂಲೆಯಲ್ಲಿ ವಿಧಿ ಮಾಡಿ ಹೂಳೋಣ ಎಂದರು. ಅಪ್ಪ ತಲೆ ಎತ್ತಲಿಲ್ಲ. ಅವನ ಕಾಲ ಹೆಬ್ಬೆರಳು ನೆಲವನ್ನು ಕೆರೆಯುತ್ತಿತ್ತು. ಅಡಿಗೆಮನೆಯ ಬಾಗಿಲಿನಿಂದ ಅವ್ವ ಹೇಳಿದಳು.

"ಹೂಳ್ರಿ. ನಾನೇನು ಬ್ಯಾಡ ಅನ್ನಲ್ಲ. ಆದ್ರೆ ಅದನ್ನ ಹಿಡಿಯಾಕೆ ಕೈ ಎಲ್ಲೈತೆ?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಅಪ್ಪನ ಮುಖದಲ್ಲಿ ಜೀವ ಬಂತು. ಅವ್ವ ಇನ್ನೂ ಕಾಯುತ್ತಿದ್ದಾಳೆ, ಅಣ್ಣನ ಹೆಣ ಕಾಣದೆ ಒಪ್ಪುವವಳಲ್ಲ ಎಂದು ನಾವೆಲ್ಲ ಅವತ್ತು ತಿಳಿದುಕೊಂಡೆವು. ಅಂದಿನಿಂದ ಮನೆಯಲ್ಲಿ ಒಂದು ಕಟ್ಟು ಬಿತ್ತು. ಅಣ್ಣನ ವಿಷಯ ಬಂದರೆ 'ಅವನಿಗೆ ಇದು ಇಷ್ಟ' ಎನ್ನಬೇಕು, 'ಇಷ್ಟವಾಗಿತ್ತು' ಎನ್ನಬಾರದು. ನನ್ನ ಮದುವೆಯಲ್ಲಿ ಅಣ್ಣನ ಪಾಲಿನ ಶಾಸ್ತ್ರಕ್ಕೆ ಯಾರನ್ನೂ ನಿಲ್ಲಿಸಲಿಲ್ಲ, ಆ ಜಾಗ ಖಾಲಿ ಬಿಟ್ಟರು. ಅಪ್ಪ ಕೊನೆಯ ದಿನಗಳಲ್ಲಿ ಮಾತು ತೊದಲುವಾಗಲೂ, ಬಸ್ಸಿನ ಸದ್ದಾದರೆ ಬಾಗಿಲ ಕಡೆ ಕತ್ತು ತಿರುಗಿಸುತ್ತಿದ್ದ.

ಅಪ್ಪ ಹೋದ ಮೇಲೆ ಅವ್ವನನ್ನು ಚನ್ನಗಿರಿಗೆ, ನನ್ನ ಮನೆಗೆ ಕರೆತಂದೆ. ಆಗ ನಾನು ಪ್ರೈಮರಿ ಶಾಲೆಯಲ್ಲಿ ಟೀಚರು. ಒಂದು ಸಂಜೆ ಮಾರನೆಯ ಪಾಠಕ್ಕೆ ನದಿಗಳ ನಕ್ಷೆ ಬರೆಯುತ್ತ ಕೂತಿದ್ದೆ. ಅವ್ವ ಹೂಬತ್ತಿ ಹೊಸೆಯುತ್ತ ಪಕ್ಕದಲ್ಲಿ ಕೂತಿದ್ದವಳು ಕೇಳಿದಳು.

"ನಮ್ಮ ಹೊನ್ನಾಳಿ ಹೊಳೆ ಎಲ್ಲಿಗೆ ಹೋಗ್ತೈತೆ?"

ಟೀಚರಮ್ಮನ ಉತ್ಸಾಹದಲ್ಲಿ ನಾನು ನೀಲಿ ಗೆರೆಯ ಮೇಲೆ ಪೆನ್ಸಿಲು ಓಡಿಸಿದೆ. ಹಿಂಗೆ ಹರಿಹರ, ಹಿಂಗೆ ಹೊಸಪೇಟೆ, ಮುಂದೆ ಕೃಷ್ಣೆಗೆ ಸೇರಿ, ಆಂಧ್ರದ ಮೇಲೆ ಹಾಯ್ದು ಪೂರ್ವದ ಸಮುದ್ರಕ್ಕೆ. ಹೇಳಿ ಮುಗಿದ ಮೇಲೆ, ಅಣ್ಣನ ವಿಮಾನ ಕಾಣೆಯಾದ ಸಮುದ್ರವೇ ಅದು ಎಂದು ಹೊಳೆದು ನಾಲಿಗೆ ಕಚ್ಚಿಕೊಂಡೆ. ಅವ್ವ "ಹೌದಾ" ಎಂದು ಬತ್ತಿ ಹೊಸೆಯುವುದನ್ನು ಮುಂದುವರಿಸಿದಳು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಹೀಗೆ ವರ್ಷಗಳು ಕಳೆದವು. ನಾನು ನಿವೃತ್ತಳಾದೆ. ಅವ್ವ ತೊಂಬತ್ತು ದಾಟಿದಳು. ಈಚೆಗೆ ಗಡಿಯಲ್ಲಿ ಮತ್ತೆ ವಿಮಾನಗಳು ಹಾರಿದ ದಿನಗಳಲ್ಲಿ ಟಿವಿಯವರು ಅರಚಿದ್ದೇ ಅರಚಿದ್ದು. ಸ್ಟುಡಿಯೋದಲ್ಲಿ ಕೂತು ಯುದ್ಧ ಮಾಡುವವರಿಗೆ ಏನು, ಅವರ ಬಾಗಿಲಿಗೆ ತಂತಿ ಬರುವುದಿಲ್ಲವಲ್ಲ. ಸೈರನ್ನಿನ ಸದ್ದು ಕೇಳಿದರೆ ಎದ್ದು ಹೋಗಿ ಬಾಗಿಲ ಚಿಲಕ ಎಳೆದು ನೋಡುತ್ತಿದ್ದೆ. ನಾನು ಟಿವಿ ಆರಿಸುತ್ತಿದ್ದೆ, ಯಜಮಾನರು ಹಚ್ಚುತ್ತಿದ್ದರು. ಅವ್ವನಿಗೆ ಕಿವಿ ಮಂದವಾದರೂ ಪರದೆಯ ಮೇಲೆ ವಿಮಾನದ ಆಕಾರ ಗೊತ್ತಾಗುತ್ತಿತ್ತು. "ಹೋದೋರೆಲ್ಲ ತಿರುಗಿ ಬಂದ್ರಾ?" ಎಂದು ಕೇಳುತ್ತಿದ್ದಳು. "ಎಲ್ರೂ ಬಂದ್ರು ಕಣವ್ವಾ" ಎನ್ನುತ್ತಿದ್ದೆ. ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಆಗಿನಿಂದಲೇ ಅವಳು ಇಳಿಯುತ್ತ ಬಂದಳು. ಎರಡು ತುತ್ತಿನ ಊಟ ಒಂದು ತುತ್ತಾಯಿತು.

ಇನ್ನು ತಡೆಯಲಾರದೆ ಒಂದು ದಿನ ತ್ಯಾವಣಿಗೆಯ ಬಸ್ಸು ಹತ್ತಿದೆ. ಅಲ್ಲಿ ನಮಗೆ ಗೊತ್ತಿರುವ ವಯಸ್ಸಾದ ಅಯ್ಯನವರೊಬ್ಬರಿದ್ದಾರೆ. ಜಗುಲಿಯ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿದ್ದರು. ಕೇಳಿದೆ. ನಾಳೆ ಹೆಚ್ಚುಕಮ್ಮಿಯಾದರೆ ಅಣ್ಣನ ಲಿಂಗವನ್ನೂ ಅವ್ವನ ಕೈಯಲ್ಲೇ ಇಡಬಹುದೇ?

"ಒಂದು ಅಂಗೈಗೆ ಒಂದೇ ಲಿಂಗ ಕಣಮ್ಮಾ. ಎರಡು ಇಡಾಕೆ ಬರಲ್ಲ."

"ಹಂಗಾದ್ರೆ ಇನ್ನೊಂದು?"

"ಹರಿಯೋ ನೀರಿಗೆ ಬಿಡ್ತಾರೆ. ಆದ್ರೆ ಮಗ ಇಲ್ಲ ಅಂತ ಆಯಮ್ಮ ಒಪ್ಪಬೇಕಲ್ಲ? ಮೊದ್ಲು ಆಕೆನ್ನ ಕೇಳು."

"ಆಕೆನ್ನ ಕೇಳಾಕೆ ನಂಗೆ ಬಾಯಿ ಇದ್ದಿದ್ರೆ ನಿಮ್ಮ ಹತ್ರ ಯಾಕ್ರೀ ಬರ್ತಿದ್ದೆ?" ಎಂದು ರೇಗಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳದೆ ನನ್ನ ಕೈಗೂ ಒಂದು ಹಿಡಿ ಮಂಡಕ್ಕಿ ಹಾಕಿದರು. ವಾಪಸು ಬರುವಾಗ ಬಸ್ಸಿನ ಕಂಡಕ್ಟರು ಬಾಗಿಲಿಗೆ ಬಡಿದು "ರೈಟ್" ಎಂದ. ಆ ಕೂಗಿಗೆ ನನಗೆ ಈ ವಯಸ್ಸಿನಲ್ಲೂ ಕಣ್ಣು ತುಂಬುತ್ತದೆ. ಅಳುತ್ತಲೇ ಅವ್ವನನ್ನು ಕೇಳುವ ಮಾತನ್ನು ಮನಸ್ಸಿನಲ್ಲಿ ಜೋಡಿಸಿದೆ. ಮನೆಗೆ ಬಂದು ಅವಳ ಮುಖ ನೋಡಿದ ಮೇಲೆ ಕೇಳಿದ್ದು, "ಕಾಫಿ ಕುಡೀತಿಯೇನವ್ವಾ" ಎಂದು.

ಒಂದು ಬೆಳಿಗ್ಗೆ ನಾನು ಅಂಜಿದ್ದೇ ಆಯಿತು. ಅವ್ವ ಎರಡೂ ಲಿಂಗಗಳನ್ನು ಹೊರಗೆ ತೆಗೆದು ತಟ್ಟೆಯಲ್ಲಿಟ್ಟುಕೊಂಡಿದ್ದಳು. ನೀರಿನ ಗಿಂಡಿ ಎತ್ತುವಾಗ ಕೈ ಅದುರಿ ತಟ್ಟೆಗೆ ತಗುಲಿತು. ಎರಡೂ ಉರುಳಿದವು. ಒಂದು ಅವಳ ಮಡಿಲ ಹತ್ತಿರ ನಿಂತಿತು, ಇನ್ನೊಂದು ಬೀರುವಿನ ಅಡಿಗೆ ಹೋಯಿತು. ಮುಟ್ಟಬಹುದೋ ಬಾರದೋ ಎಂದು ಯೋಚಿಸುವಷ್ಟು ಪುರಸೊತ್ತಿರಲಿಲ್ಲ. ನೆಲದ ಮೇಲೆ ಬೋರಲು ಮಲಗಿ ಬೀರುವಿನ ಕೆಳಗೆ ಕೈ ಚಾಚಿದೆ. ನನ್ನ ಕೊರಳ ಕರಡಿಗೆ ನನ್ನ ಎದೆಯ ಮೂಳೆಗೆ ಒತ್ತಿ ನೋಯಿಸಿತು. ಅಣ್ಣನಿಗೆ ಹೀಗೇ ನೋಯುತ್ತಿತ್ತಲ್ಲ ಎಂದು ಅಲ್ಲಿ, ಧೂಳಿನಲ್ಲಿ ಮಲಗಿ, ಮೊದಲ ಸಲ ತಿಳಿಯಿತು.

ಎದ್ದು ಕೂತು ಎರಡನ್ನೂ ಅಂಗೈಯಲ್ಲಿ ಹಿಡಿದೆ. ಎರಡೂ ಕಪ್ಪು, ಎರಡೂ ಒಂದೇ ಗಾತ್ರ. ಯಾವುದು ಯಾರದೆಂದು ಶಿವನಾಣೆ ನನಗೆ ಗೊತ್ತಾಗಲಿಲ್ಲ. "ಅವ್ವಾ, ಕಲಸಿಹೋತಲ್ಲೇ! ಯಾವುದು ನಿಂದು, ಯಾವುದು ಅಣ್ಣಂದು? ಏನ್ಮಾಡಾದು ಈಗ?" ಎಂದು ಕೂಗಿಕೊಂಡೆ.

"ಯಾಕಂಗೆ ಬಡ್ಕಂತಿಯ? ತಾ ಇಲ್ಲಿ."

ಹೆಬ್ಬೆರಳಿನಿಂದ ಒಂದೊಂದನ್ನೇ ಸವರಿದಳು. ಕಣ್ಣು ಕಾಣದಿದ್ದರೂ ಆ ಬೆರಳಿಗೆ ಅನುಮಾನವೇ ಇರಲಿಲ್ಲ.

"ಇದು ಅವನ್ದು" ಎಂದಳು. ಎಂದವಳೇ ಅದನ್ನು ತಗ್ಗಾದ ಕರಡಿಗೆಯಲ್ಲಿ, ತನ್ನ ಕೊರಳಿನದರಲ್ಲಿ ಇಟ್ಟಳು.

"ಅವ್ವಾ, ಅದು ನಿನ್ನ ಕರಡಿಗೆ!"

"ನಂಗೊತ್ತೈತೆ."

"ಅದ್ರಾಗೆ ನಿಂದು ಇಡ್ಬೇಕು."

"ಅದ್ರಾಗೆ ಇರಾದು ಅವನ್ದೇ. ಸೆರೆ ಸಿಕ್ಕೋರೆಲ್ಲ ತಿರುಗಿ ಬಂದು ಅವನು ಬರ್ಲಿಲ್ಲ ನೋಡು, ಆವತ್ತಿನ ಮಾರ್ನೆ ದಿನಾನೇ ಬದಲಾಯ್ಸಿದೀನಿ. ಅವನ್ದು ನನ್ನ ಎದೆ ಮ್ಯಾಲೆ ಐತೆ, ನಂದು ಅವನ ಕರಡಿಗ್ಯಾಗೆ ಐತೆ."

ಬಾಗಿಲು ಮುಂದೆ ಮಾಡಿಕೊಂಡಿದ್ದ ಆ ಬೆಳಿಗ್ಗೆ ನೆನಪಾಯಿತು. "ಹಂಗಾದ್ರೆ ಅಣ್ಣ ಇಲ್ಲ ಅಂತ ನಿಂಗೆ ಆವಾಗ್ಲೇ ಗೊತ್ತಿತ್ತಾ?"

"ಹೆತ್ತೋಳಿಗೆ ಗೊತ್ತಾಗಲ್ವಾ? ಸತ್ತೋದ ಕಣೇ ನನ್ನ ಮಗ. ಆವಾಗ್ಲೇ ಸತ್ತೋದ."

ಮನೆಯಲ್ಲಿ ಯಾರೂ ಆಡದ ಆ ಮಾತನ್ನು ಅವ್ವ ಹೂವು ಎತ್ತಿಡುತ್ತಲೇ ಆಡಿಬಿಟ್ಟಳು.

"ಮತ್ತ್ಯಾಕವ್ವಾ ಒಂದು ಸಲನೂ ಹೇಳ್ಲಿಲ್ಲ?"

"ನಿಮ್ಮಪ್ಪ ಉಳೀಬೇಕಿತ್ತಲ್ಲ. ಮಗ ಬರ್ತಾನೆ ಅಂತಲೇ ಅಲ್ವಾ ಅವರು ದಿನಾ ಅಂಗಡಿ ಬಾಗಿಲು ತೆಗೀತಿದ್ದುದು? ಆಮ್ಯಾಲೆ ನೀನು. ಇಮಾನದ ಸದ್ದಾದ್ರೆ ನಡುಗ್ತಿಯ. ನಿಂಗೆ ಹೆಂಗೆ ಹೇಳ್ಲಿ?"

ಇಷ್ಟು ವರ್ಷ ಅವಳ ಮುಂದೆ ತುದಿಗಾಲಲ್ಲಿ ನಡೆದವಳು ನಾನು. ಅವಳಿಗೆ ನೋವಾದೀತೆಂದು ನಾನು ಬಾಯಿ ಮುಚ್ಚಿಕೊಂಡಿದ್ದರೆ, ನನಗೆ ಭಯವಾದೀತೆಂದು ಅವಳು. ನಗಬೇಕೋ ಅಳಬೇಕೋ ತಿಳಿಯದೆ ಅವಳ ಮೊಣಕಾಲಿಗೆ ಹಣೆ ಇಟ್ಟೆ. ಅವ್ವ ನನ್ನ ತಲೆ ಮೇಲೆ ಒದ್ದೆ ಕೈ ಇಟ್ಟಳು.

"ನೋಡು, ನಾನು ಹೋದಾಗ ಈ ಕರಡಿಗ್ಯಾಗಿರಾದನ್ನೇ ನನ್ನ ಕೈಯಾಗೆ ಇಡ್ರಿ. ಅವನಿಗೆ ಹಿಡಿಯಾಕೆ ಕೈ ಇಲ್ಲ, ನಂದೈತೆ. ಬಿಚ್ಚಿದೋಳು ನಾನೇ. ನಾನೇ ಹಿಡ್ಕಂಡು ಹೋಗ್ತೀನಿ, ಮಣ್ಣು ಕಾಣ್ಲಿ ನನ್ನ ಮಗ."

"ಮತ್ತೆ ನಿಂದು?"

"ನಂದು ಹೊನ್ನಾಳಿ ಹೊಳೆಗೆ ಬಿಡು. ಎಲ್ಲಿಗೆ ಹೋಗ್ತೈತೆ ಅಂತ ನೀನೇ ಹೇಳಿದ್ಯಲ್ಲ."

ಅವ್ವ ಶ್ರಾವಣದಲ್ಲಿ ಹೋದಳು, ಮಧ್ಯಾಹ್ನ, ನಾನು ಪಕ್ಕದಲ್ಲಿ ಕೂತಿರುವಾಗಲೇ. ನ್ಯಾಮತಿಯ ಹೊಲದಲ್ಲಿ ಅಪ್ಪನ ಪಕ್ಕ, ನಮ್ಮ ಪದ್ಧತಿಯಂತೆ ಗುಂಡಿಯಲ್ಲಿ ಕೂರಿಸಿದೆವು. ತ್ಯಾವಣಿಗೆಯ ಅಯ್ಯನವರೇ ಬಂದಿದ್ದರು. ತಗ್ಗಾದ ಕರಡಿಗೆಯನ್ನು ತೆರೆದು ಲಿಂಗ ತೆಗೆದು ಅವ್ವನ ಎಡ ಅಂಗೈಯಲ್ಲಿಟ್ಟು, ಬೆರಳು ಮಡಿಚಿದರು. ಯಾರಾದರೂ ತಡೆದರೆ, ಇದು ಅವಳದಲ್ಲ ಎಂದರೆ ಎಂದು ನಿಂತಲ್ಲೇ ಬೆವರಿದೆ. ಯಾರಿಗೆ ಹೇಗೆ ಗೊತ್ತಾಗಬೇಕು? ಅವ್ವನ ಹೆಬ್ಬೆರಳಿಗೆ ಮಾತ್ರ ಗೊತ್ತಿದ್ದ ಮಾತು ಅದು. ಅಣ್ಣನಿಗೆ ಕೊನೆಗೂ ಒಂದು ಹಿಡಿ ಮಣ್ಣು ಸಿಕ್ಕಿತು. ಅದನ್ನು ಹಾಕಿದವಳು ನಾನು. ಅವ್ವನಿಗೆಂದು ಒಂದು ಹಿಡಿ, ಅವನಿಗೆಂದು ಇನ್ನೊಂದು.

ಮುಂದಿನ ಕಾರ್ಯವೆಲ್ಲ ಮುಗಿದ ಮೇಲೆ ಯಜಮಾನರೊಂದಿಗೆ ಹೊನ್ನಾಳಿಯಲ್ಲಿ ಇಳಿದೆ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅವರು ಮೆಟ್ಟಿಲ ಮೇಲೇ ನಿಂತರು. ನಾನು ಒಂದೊಂದೇ ಮೆಟ್ಟಿಲು ಇಳಿದೆ. ಪಾದ ನೆನೆಯಿತು, ಮೊಣಕಾಲು ನೆನೆಯಿತು. ನನಗೂ ಅವ್ವನ ಹಾಗೇ ನೀರೆಂದರೆ ಜೀವ ಹೋಗುತ್ತದೆ. ಹಿಂದಿನಿಂದ ಯಜಮಾನರು ಕೂಗಿದರು. "ಸಾಕು ಬಾರೇ ಮ್ಯಾಕೆ! ಸೆಳವು ಐತೆ."

ಅಣ್ಣನ ಕರಡಿಗೆಯನ್ನು, ಒಳಗೆ ಅವ್ವನ ಲಿಂಗದ ಸಮೇತ, ನೀರಿಗೆ ಬಿಟ್ಟೆ. ಸದ್ದೂ ಆಗಲಿಲ್ಲ. ಸತ್ರೂ ಇಳಿಯಲ್ಲ ಎಂದಿದ್ದವಳು ಇಳಿದಳು. ನೀರು ಹೋಗುತ್ತಿದ್ದ ಕಡೆ ನೋಡಿದೆ. ಭಯವಾಯಿತು, ಅವಳಿಗಾಗಿ.

"ಅಣ್ಣಾ, ಅವ್ವ ಬರ್ತಾ ಅದಾಳೆ" ಎಂದೆ. "ಮುಳುಗಿ ಆಟ ಆಡಿಸಬ್ಯಾಡ. ಆಕೆಗೆ ಈಜು ಬರಲ್ಲ."